ಅತ್ತೆಯ ಖಾತೆ, ಕಂಪನಿಯ ಮಡಿ

ನಾನು ಕೆಲಸ ಮಾಡುವ ಕಂಪನಿ ಬೇರೆಯವರ ಪರವಾಗಿ ರಾಶಿಗಟ್ಟಲೆ ಇ-ಮೇಲ್ ಕಳಿಸುತ್ತದೆ. ಇದನ್ನು ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಸ್ವಲ್ಪ ಬದಲಾಗುತ್ತದೆ. ಅವರಿಗೆ ಬಂದ ಸಾಲದ ಆಹ್ವಾನಗಳನ್ನೆಲ್ಲ ನಾನೇ ಕೂತು ಬರೆದಿದ್ದೇನೆ ಎಂಬಂತೆ. ಆದ್ದರಿಂದ ಯಾರಾದರೂ ಕೇಳಿದರೆ ‘ಹಡಪಸರದಲ್ಲಿ ಆಫೀಸು’ ಎಂದಷ್ಟೇ ಹೇಳುತ್ತೇನೆ. ಪುಣೆಯಲ್ಲಿ ಹಡಪಸರ ಎಂದ ಮೇಲೆ ಯಾರೂ ಆಫೀಸಿನ ಬಗ್ಗೆ ಕೇಳುವುದಿಲ್ಲ, ಅಲ್ಲಿನ ರಸ್ತೆಯ ಬಗ್ಗೆ ಮರುಕ ತೋರಿಸುತ್ತಾರೆ. ನನಗೆ ಅಷ್ಟು ಸಾಕು.

ನಿಜ ಹೇಳಬೇಕೆಂದರೆ ನನ್ನ ಕೆಲಸ ಮೇಲ್ ಕಳಿಸುವುದಲ್ಲ, ತಡೆಯುವುದು. ಧಾರವಾಡದಲ್ಲಿ ತತ್ವಶಾಸ್ತ್ರ ಎಂ.ಎ. ಮಾಡಿದವಳಿಗೆ ಪುಣೆಯಲ್ಲಿ ಇಂಥ ಕೆಲಸ ಸಿಕ್ಕಿದ್ದು ಸಂದರ್ಶನದಲ್ಲಿ ಬಂದ ಒಂದು ಪ್ರಶ್ನೆಯಿಂದ. ನಮ್ಮ ಮಾಲೀಕರು ಮರಾಠಿಗರು, ಬೆಳಗಾವಿಯಲ್ಲಿ ಬೆಳೆದವರು. ಡ್ರೈವರನೊಂದಿಗೆ ಮರಾಠಿ, ಗ್ರಾಹಕರೊಂದಿಗೆ ಇಂಗ್ಲಿಷು, ನಮ್ಮೊಂದಿಗೆ ಬೆಳಗಾವಿ ಕನ್ನಡ. ಅವರು ನನ್ನ ಅರ್ಜಿಯನ್ನು ಪಕ್ಕಕ್ಕಿಟ್ಟು, “ಒಪ್ಪಿಗಿ ಅಂದ್ರ ಏನ್ರಿ?” ಎಂದು ಕೇಳಿದರು. ಮೌನ ಒಪ್ಪಿಗೆಯೇ, ಭಯದಿಂದ ಹೇಳಿದ ಹೌದು ಹೌದೇ, ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೇ ಎಂದು ನಾನು ಸ್ವಲ್ಪ ಹೊತ್ತು ಮಾತಾಡಿದೆ. ಅಷ್ಟು ಹೊತ್ತು ನಾನು ಒಂದೇ ಸಮನೆ ಮಾತಾಡಿದ್ದು ಅದೇ ಕೊನೆ. ಅವರು ಕೇಳಿಸಿಕೊಂಡು, “ಇದನ್ನ ಎರಡ ಪುಟದಾಗ ಬರದ ಕೊಡ್ರಿ. ನಮಗ ಪಾಲಿಸಿ ಬೇಕಾಗೇದ” ಎಂದರು.

ಪಾಲಿಸಿ ಬೇಕಾಗಿದ್ದಕ್ಕೆ ಕಾರಣವಿತ್ತು. ಅದಕ್ಕೆ ಮೊದಲು ಅವರು ಯಾರು ಬಂದರೂ ಇಲ್ಲವೆನ್ನುತ್ತಿರಲಿಲ್ಲ. ಗುಡ್ಡದ ಬುಡದ ಪ್ಲಾಟು, ಕೂದಲು ಬೆಳೆಸುವ ಎಣ್ಣೆ, ಕೇಳದೆಯೇ ಮಂಜೂರಾಗುವ ಸಾಲ, ಎಲ್ಲವೂ ನಮ್ಮ ಯಂತ್ರಗಳಿಂದಲೇ ಹೊರಟು ಊರೂರಿನ ಅಂಚೆಪೆಟ್ಟಿಗೆ ಸೇರುತ್ತಿತ್ತು. ಕೊನೆಗೊಂದು ದಿನ ಜನರ ಇ-ಮೇಲ್ ಅಂಚೆಪೆಟ್ಟಿಗೆ ನಡೆಸುವ ದೊಡ್ಡ ಸಂಸ್ಥೆಗಳಿಗೆ ಬೇಸರ ಬಂತು. ನಮ್ಮಲ್ಲಿಂದ ಏನು ಹೊರಟರೂ ಸೀದಾ ಕಸದ ಫೋಲ್ಡರಿಗೆ ತಳ್ಳತೊಡಗಿದವು. ಗ್ರಾಹಕರು ಹಲವರಾದರೂ ಮೇಲ್ ಹೊರಡುವ ವಿಳಾಸಗಳು ಎಲ್ಲರಿಗೂ ಸೇರಿ ಕೆಲವೇ. ಅಪಾರ್ಟ್‌ಮೆಂಟಿನ ನೀರಿನ ಟಾಕಿಯ ಹಾಗೆ. ಮೇಲಿನ ಮನೆಯವನು ಟಾಕಿಯಲ್ಲಿ ಕಾಲು ತೊಳೆದರೆ ಎಲ್ಲರ ನಲ್ಲಿಯಲ್ಲೂ ಅದೇ ನೀರು.

ಆಗ ಮಾಲೀಕರಿಗೆ ವೈರಾಗ್ಯ ಬಂತು. ಪ್ಲಾಟಿನವರನ್ನು ಕಳಿಸಿಬಿಟ್ಟರು. ಎಣ್ಣೆಯವರನ್ನೂ ಕಳಿಸಿದರು. ಎಲ್ಲರೂ ಕಂಪನಿ ಮುಚ್ಚುತ್ತದೆ ಎಂದುಕೊಳ್ಳುತ್ತಿರುವಾಗ ವಿಚಿತ್ರವೊಂದು ನಡೆಯಿತು. ಆಸ್ಪತ್ರೆಯವರು, ಶಾಲೆಯವರು, ವಿಮೆಯವರು ತಾವಾಗಿಯೇ ಬರತೊಡಗಿದರು. ಪ್ಲಾಟಿನವನು ಇಲ್ಲದ ಕಡೆ ಇರುವುದಕ್ಕೆ ಅವರು ಹೆಚ್ಚು ಕೊಡಲು ತಯಾರಿದ್ದರು. “ಕಳಸೂದಕ್ಕಿಂತ ತಡಿಯೂದರಾಗ ಧಂದಾ ಛಲೋ ಅದ್ರಿ” ಎಂದು ಮಾಲೀಕರು ಜ್ಞಾನೋದಯವಾದವರಂತೆ ಹೇಳಿದರು. ಆಮೇಲೆ ಅವರ ಭಾಷೆಯೇ ಬದಲಾಯಿತು. ಬಂದ ಗ್ರಾಹಕರಿಗೆಲ್ಲ, “ನಮ್ಮ ಸರ್ವರ್ ಮಡಿಯೊಳಗ ಅದಾವ್ರಿ. ಯಾರಿಗೂ ಮುಟ್ಟಗೊಡೂದಿಲ್ಲ” ಎನ್ನುವರು. ನಾನು ಬರೆದ ಪಾಲಿಸಿಗೆ ಕಟ್ಟು ಹಾಕಿಸಿ ರಿಸೆಪ್ಷನ್ನಿನಲ್ಲಿ ಗಣಪತಿಯ ಪಕ್ಕ ತೂಗುಹಾಕಿದರು. ಗಣಪತಿಗೆ ಹಾಕಿ ಉಳಿದ ಹೂವನ್ನು ರಿಸೆಪ್ಷನ್ನಿನ ಹುಡುಗಿ ಅದಕ್ಕೂ ಮುಡಿಸುತ್ತಾಳೆ. ಒಪ್ಪಿಗೆಯ ಕುರಿತು ನಾನು ಬರೆದ ಮೂರನೆಯ ಪರಿಚ್ಛೇದ ಸದಾ ಚೆಂಡುಹೂವಿನ ಹಿಂದೆ ಮರೆಯಾಗಿರುತ್ತದೆ.

ಸೇಲ್ಸ್ ವಿಭಾಗದವರು ತಾವು ಯಾರನ್ನು ಸೇರಿಸಿಕೊಂಡೆವು ಎಂಬುದನ್ನು ಬಿಟ್ಟು ಯಾರನ್ನು ನಿರಾಕರಿಸಿದೆವು ಎಂದು ಹೇಳಿಕೊಳ್ಳತೊಡಗಿದರು. ನಿರಾಕರಣೆಗೆ ಎಂಥ ಬೆಲೆ ಬಂತೆಂದರೆ, ನಾವು ಬೇಡವೆಂದ ಒಬ್ಬ ಆಯುರ್ವೇದ ವ್ಯಾಪಾರಿ ಮರುವಾರ ಪೇಢಾ ಡಬ್ಬಿ ಹಿಡಿದು ಬಂದು, ತನ್ನನ್ನು ಇನ್ನೊಮ್ಮೆ ಪರೀಕ್ಷಿಸಬೇಕೆಂದು ಬೇಡಿಕೊಂಡ. ಒಂದು ತಿಂಗಳಂತೂ ಕೆಟ್ಟವರು ಯಾರೂ ಬರದೆ ಸೇಲ್ಸ್‌ನವರಿಗೆ ಆತಂಕವಾಗಿತ್ತು. “ಮೇಡಂ, ರಿಜೆಕ್ಟ್ ಮಾಡೋಕೆ ಯಾರಾದ್ರೂ ಇದ್ರೆ ಹೇಳಿ, ಪ್ರೆಸೆಂಟೇಶನ್ ಖಾಲಿ ಹೊಡೀತಿದೆ” ಎಂದು ಅವರಲ್ಲೊಬ್ಬ ನನ್ನ ಮೇಜಿನ ಬಳಿ ಬಂದು ಕೇಳಿದ್ದುಂಟು.

ಇಷ್ಟೆಲ್ಲವನ್ನೂ ನಾನು ಪುಣೆಯ ಇನ್ನೊಂದು ತುದಿಯ ನಿಗಡಿಯಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ ಒಂದು ಭಾನುವಾರ ಊಟ ಮಾಡುತ್ತ ಹೇಳಿದ್ದೆ. ಅತ್ತೆ ವಿಜಯಪುರದ ಕಡೆಯವರನ್ನು ಮದುವೆಯಾಗಿ ಬಹಳ ಹಿಂದೆಯೇ ಪುಣೆಗೆ ಬಂದವರು. ಶಾಲೆಯೊಂದರ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಕಂಪ್ಯೂಟರಿಗೆ ಹೆದರುವವರಲ್ಲ. ಅಂದು ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಂದ್ರ ನಿಮ್ಮ ಕಂಪನಿಯಿಂದ ಕಳಿಸಿದ್ದು ಕಸಕ್ಕ ಹೋಗೂದಿಲ್ಲ. ಮಂದಿ ಕಣ್ಣಿಗೆ ಬಿದ್ದ ಬೀಳ್ತದ. ಹೌದಲ್ಲೊ?”

“ಹೌದು” ಎಂದೆ. ಕಂಪನಿಯ ಬಗ್ಗೆ ಸ್ವಲ್ಪ ಹೆಮ್ಮೆಯಿತ್ತು. ಅತ್ತೆ ಇನ್ನೊಂದು ಚಪಾತಿ ಹಾಕಿದರು.

ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಹೆಂಗಸರು ಒಬ್ಬರ ಮನೆಗೊಬ್ಬರು ಅರಿಶಿನ ಕುಂಕುಮಕ್ಕೆ ಹೋಗುತ್ತಾರೆ. ಕರೆದವರು ಬಂದವರಿಗೆ ಏನಾದರೂ ಸಣ್ಣ ಸಾಮಾನು ಕೊಡಬೇಕು. ಅದಕ್ಕೆ ಇಲ್ಲಿ ವಾಣ ಎನ್ನುತ್ತಾರೆ. ಆ ವರ್ಷ ಅತ್ತೆ ತಮ್ಮ ಬಳಗದ ಕನ್ನಡದ ಹೆಂಗಸರಿಗೆ ಸ್ಟೀಲಿನ ಬಟ್ಟಲು ಕೊಟ್ಟರು. ಬಟ್ಟಲು ಕೈಗೆ ಬರುವ ಮೊದಲು ಪ್ರತಿಯೊಬ್ಬರೂ ಅತ್ತೆಯ ಫೋನಿನಲ್ಲಿ ತಮ್ಮ ಇ-ಮೇಲ್ ವಿಳಾಸ ಒತ್ತಬೇಕಾಗಿತ್ತು. ಅವರ ವಾಟ್ಸಾಪ್ ಗುಂಪಿನಲ್ಲಿ ಜಗಳವಾಗಿ ಅರ್ಧ ಜನ ಹೊರಟುಹೋಗಿದ್ದರಿಂದ, ಮುಂದಿನ ವರ್ಷ ಕರೆಯಲು ಬೇಕಾಗುತ್ತದೆ ಎಂದು ಅತ್ತೆ ಹೇಳಿದರು. ಯಾರಿಗೂ ಅನುಮಾನ ಬರಲಿಲ್ಲ. ಇ-ಮೇಲ್ ಇಲ್ಲದವರು ಗಂಡನದ್ದು ಕೊಟ್ಟರು. ನಾನೂ ಅಲ್ಲೇ ಕೂತು ಎಳ್ಳು ಬೆಲ್ಲ ಹಂಚುತ್ತಿದ್ದೆ.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ದೂರುಗಳ ಪಟ್ಟಿ ತೆರೆದೆ. ಯಾರು ಬೇಕಾದರೂ ತೆರೆಯಬಹುದಾದ ಉಚಿತ ಖಾತೆಗಳಲ್ಲೊಂದರ ಮೇಲೆ ಒಂದೇ ಸಮನೆ ದೂರುಗಳು ಬಂದಿದ್ದವು. ಹೆಚ್ಚಿನವರು ದೂರಿನ ಗುಂಡಿ ಒತ್ತಿ ಸುಮ್ಮನಾಗಿದ್ದರು. ಚಿಂಚವಡದ ಒಬ್ಬ ಹಿರಿಯರು ಮಾತ್ರ ಕನ್ನಡದಲ್ಲಿ ಪತ್ರವನ್ನೇ ಬರೆದಿದ್ದರು: ‘ಸ್ವಾಮಿ, ನನಗೆ ಮಗನಿಲ್ಲ. ಇರುವವಳು ಒಬ್ಬಳೇ ಮಗಳು, ಅವಳಿಗೇ ವರ ಹುಡುಕುತ್ತಿದ್ದೇನೆ. ನನಗೆ ವಧುವನ್ನು ಕಳಿಸಿ ಏನು ಪ್ರಯೋಜನ? ಮೂರು ಬಾರಿ ಬಂದಿದೆ. ದಯವಿಟ್ಟು ನಿಲ್ಲಿಸಿ. ಹುಡುಗಿ ಲಕ್ಷಣವಾಗಿದ್ದಾಳೆ, ಒಳ್ಳೆಯದಾಗಲಿ.’

ಮೂಲ ಮೇಲ್ ತೆರೆದೆ. ವಿಷಯ: ‘ಶುಭ ಸಮಾಚಾರ: ಉತ್ತಮ ಕನ್ಯೆ.’ ಕೆಳಗೆ ನನ್ನ ಫೋಟೋ.

ಸೋದರಸಂಬಂಧಿಯ ಮದುವೆಯಲ್ಲಿ ತೆಗೆದದ್ದು. ಪಕ್ಕದಲ್ಲಿದ್ದವರನ್ನು ಕತ್ತರಿಸಿದ್ದರೂ ಯಾರದೋ ಬಳೆ ತೊಟ್ಟ ಕೈ ನನ್ನ ಹೆಗಲ ಮೇಲೆ ಉಳಿದುಕೊಂಡಿತ್ತು. ಹೆಸರು, ನಕ್ಷತ್ರ, ಎತ್ತರ, ಮೈಬಣ್ಣ, ಸಂಪರ್ಕಕ್ಕೆ ಅತ್ತೆಯ ಫೋನ್ ಸಂಖ್ಯೆ. ‘ಮಿತಭಾಷಿ. ಸಿಟ್ಟು ಇಲ್ಲವೇ ಇಲ್ಲ. ಅಡುಗೆ ಕಲಿಯುವ ಮನಸ್ಸಿದೆ.’ ಆ ಮನಸ್ಸು ನನಗಿರುವುದು ನನಗೆ ಗೊತ್ತಾದದ್ದು ಅಂದೇ.

ಆಫೀಸಿನಲ್ಲಿ ನನ್ನ ಊರು ಯಾವುದೆಂದು ಸರಿಯಾಗಿ ತಿಳಿದವರೂ ಕಡಿಮೆ. ಊಟದ ಡಬ್ಬಿಯನ್ನು ಕೂಡ ನಾನು ಮುಚ್ಚಳ ಅರ್ಧ ತೆರೆದು ಉಣ್ಣುವವಳು. ಒಂದು ಕ್ಷಣ ಆ ಮೇಲನ್ನು ಅಳಿಸಿಬಿಡೋಣ ಅಂದುಕೊಂಡೆ. ಆದರೆ ಪಾಲಿಸಿಯಲ್ಲಿ ನಾನೇ ಬರೆದಿದ್ದೆ: ದೂರು ಸಿಬ್ಬಂದಿಯ ಸಂಬಂಧಿಕರ ಮೇಲಿದ್ದರೆ ಆ ಸಿಬ್ಬಂದಿ ಅದನ್ನು ಮುಟ್ಟುವಂತಿಲ್ಲ. ಸುಂದರವಾದ ವಾಕ್ಯ. ಬರೆದಾಗ ಬಹಳ ಮೆಚ್ಚಿಕೊಂಡಿದ್ದೆ.

ನಮ್ಮ ವಿಭಾಗದಲ್ಲಿ ಇರುವವರು ಇಬ್ಬರೇ. ಎದುರು ಕೂರುವ ಸಹೋದ್ಯೋಗಿ ಬೆಂಗಳೂರಿನವನು, ಮನಸ್ಸಿನಲ್ಲಿದ್ದುದನ್ನು ಬಾಯಿಯಲ್ಲಿ ಸೋಸುವ ಅಭ್ಯಾಸವಿಲ್ಲದವನು. ದೂರನ್ನು ಅವನಿಗೆ ಒಪ್ಪಿಸಿದೆ. ಅವನ ಕಣ್ಣು ಪರದೆಯಿಂದ ನನ್ನ ಮುಖಕ್ಕೆ, ನನ್ನ ಮುಖದಿಂದ ಪರದೆಗೆ ಓಡಾಡಿತು.

“ಅಯ್ಯೋ, ಇದು ನೀವೇನಾ? ಫೋಟೋ ಸಖತ್ತಾಗಿದೆ ಕಣ್ರೀ.” ನಾನು ಬಾಗಿಲ ಕಡೆ ನೋಡಿದೆ. “ಸಾರಿ. ಪ್ರೊಫೆಷನಲ್ ಆಗಿ ಹೇಳ್ದೆ. ಆ ಕೈ ಯಾರ್ದು?”

“ಯಾರಿಗೂ ಹೇಳಬೇಡಿ” ಎಂದೆ.

“ನಾನ್ಯಾಕೆ ಹೇಳ್ಲಿ? ಆದ್ರೆ ಶುಕ್ರವಾರ ಇದೆಯಲ್ಲ?”

ಶುಕ್ರವಾರ ಒಂದು ದೊಡ್ಡ ವಿಮಾ ಕಂಪನಿಯವರು ಬರುವವರಿದ್ದರು. ಅವರು ಸಿಕ್ಕಿದರೆ ನಮ್ಮ ಕಂಪನಿ ಎರಡನೆಯ ಮಹಡಿಯನ್ನೂ ಹಿಡಿಯುತ್ತದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಪಾಲಿಸಿಯನ್ನು ಎಲ್ಲರೂ ಗೋಡೆಗೆ ಹಾಕುತ್ತಾರೆ, ನೀವು ನಿಜವಾಗಿ ನಡೆಸುತ್ತೀರೋ ಇಲ್ಲವೋ ತೋರಿಸಿ ಎಂದು ಅವರು ಕೇಳಿದ್ದರು. “ತೀರಾ ಈಚಿಗೆ ಮುಚ್ಚಿದ ಖಾತೀದು ಪೂರ್ತಿ ಫೈಲ್ ತೋರಸ್ತೀವ್ರಿ, ದೂರಿನಿಂದ ಹಿಡದು” ಎಂದು ಮಾಲೀಕರು ಮಾತು ಕೊಟ್ಟಾಗಿತ್ತು. ಅಂದರೆ ಶುಕ್ರವಾರದೊಳಗೆ ಅತ್ತೆಯ ಖಾತೆ ಮುಚ್ಚಿದರೆ ಸಭಾಕೋಣೆಯ ಗೋಡೆಯಗಲದ ಪರದೆಯ ಮೇಲೆ ನಾನು, ನನ್ನ ನಕ್ಷತ್ರ, ಅಡುಗೆ ಕಲಿಯುವ ಮನಸ್ಸು ಎಲ್ಲವೂ ಬರುತ್ತವೆ. ಅದಾಗಬಾರದು. ನನಗೆ ಬೇಕಾಗಿದ್ದುದು ಅಷ್ಟೇ.

ದಾರಿ ಒಂದಿತ್ತು. ಖಾತೆದಾರರೇ ತಮ್ಮ ಖಾತೆಯನ್ನು ಬಿಟ್ಟುಕೊಟ್ಟರೆ ಅದು ನಾವು ಮುಚ್ಚಿದ ಖಾತೆಯಾಗುವುದಿಲ್ಲ. ಬುಧವಾರ ಸಂಜೆ ಆಫೀಸು ಮುಗಿಸಿ ಬಸ್ಸಿನಲ್ಲಿ ಸ್ವಾರಗೇಟಕ್ಕೆ, ಅಲ್ಲಿಂದ ಮೆಟ್ರೊದಲ್ಲಿ ಪಿಂಪ್ರಿಗೆ, ಅಲ್ಲಿಂದ ರಿಕ್ಷಾದಲ್ಲಿ ನಿಗಡಿಗೆ ಹೋದೆ.

ಅತ್ತೆ ಬಾಗಿಲು ತೆರೆದವರೇ, “ನೋಡು, ಹೆಸರ ತಗೊಂಡೆ, ಬಂದಿ! ಸೋಲಾಪುರದಾಂವ ಒಬ್ಬ ಉತ್ತರಾ ಕೊಟ್ಟಾನ. ಸಾತಾರದಾಗೂ ಒಂದ ಮನಿ ಅದ” ಎಂದರು.

“ಅತ್ತೆ, ಒಪ್ಪಿಗೆ ಇಲ್ಲದೆ ಮೇಲ್ ಕಳಿಸಬಾರದು. ಖಾತೆ ತೆರೆಯುವಾಗ ಕೇಳಿರುತ್ತದಲ್ಲ, ಇವರೆಲ್ಲ ಒಪ್ಪಿದ್ದಾರೆಯೇ ಅಂತ?”

“ಕೇಳ್ತು. ಹೌದು ಅಂತ ಒತ್ತಿದೆ. ಒಪ್ಪಿಲ್ಲಂದ್ರ ಸುಳ್ಳ ಒತ್ತತಿದ್ನೇನ? ನಮ್ಮ ಮನಿಗೆ ಬಂದಾರ, ಕುಂಕುಮ ಹಚ್ಚಿಸ್ಕೊಂಡಾರ, ಬಟ್ಟಲಾ ತಗೊಂಡಾರ. ಮತ್ತ ಇನ್ನೇನ ಕಾಗದಾ ಬರಸ್ಕೋಬೇಕು?”

“ಬಟ್ಟಲು ತೆಗೆದುಕೊಂಡರೆ ಅದು ಬಟ್ಟಲಿಗಷ್ಟೇ ಒಪ್ಪಿಗೆ, ಅತ್ತೆ.”

“ಏ, ಹೋಗs! ಬಟ್ಟಲಾ ಏನ್ ಬರೇ ಬಟ್ಟಲೇನ? ಸಂಬಂಧ ಅದು. ಸಂಬಂಧ ಇದ್ದಲ್ಲಿ ಒಂದ ಮಾತ ತಿಳಸಬಾರದೇನ?”

ಒಪ್ಪಿಗೆಯ ಕುರಿತು ನನ್ನ ಎರಡು ಪುಟಗಳಲ್ಲಿ ಸ್ಟೀಲಿನ ಬಟ್ಟಲಿನ ಪ್ರಸ್ತಾಪ ಇರಲಿಲ್ಲ. ಚಹಾ ಬಂತು. ನಾನು ಬೇರೆ ದಾರಿ ಹಿಡಿದೆ.

“ನನ್ನ ಒಪ್ಪಿಗೆಯನ್ನೂ ಕೇಳಲಿಲ್ಲ ನೀವು.”

ಅತ್ತೆ ನಿಜವಾಗಿ ಆಶ್ಚರ್ಯಪಟ್ಟರು. “ನಿನ್ನ ಏನ ಕೇಳೂದು? ನಾ ನಿಮ್ಮಪ್ಪನ್ನ ಕೇಳೀನಿ.”

“ಹಾಗಾದರೆ ಬೇರೆ ಕಂಪನಿಯಿಂದ ಕಳಿಸಿ. ಈ ಖಾತೆ ಬಿಟ್ಟುಬಿಡಿ. ಬಿಡುವ ಗುಂಡಿ ಇದೆ, ನಾನೇ ತೋರಿಸುತ್ತೇನೆ.”

“ಅದ್ಯಾಕ ಬಿಡ್ಲಿ? ನೀನs ಹೇಳಿದ್ದ್ಯಲ್ಲ, ಬ್ಯಾರೆ ಕಂಪನೀವ್ರದು ಕಸಕ್ಕ ಹೋಗ್ತದ ಅಂತ. ನಿಮ್ಮದು ಭಾಳ ಛಲೋ ಅದ. ಒಂದೂ ಹಾಳಾಗಿಲ್ಲ, ಎಲ್ಲಾರೂ ನೋಡ್ಯಾರ. ನೋಡ್ಯಾರ ಅಂತನೂ ತೋರಸ್ತದ ನಿಮ್ಮದು!” ಫೋನು ತೆಗೆದು ನಮ್ಮದೇ ಹಸಿರು ಗುರುತುಗಳನ್ನು ನನಗೆ ತೋರಿಸಿದರು. ನಮ್ಮ ಸೇಲ್ಸ್‌ನವರಿಗಿಂತ ಚೆನ್ನಾಗಿ ವಿವರಿಸಿದರು. ಪಾಲಿಸಿಯನ್ನು ನಂಬಿ ಕಂಪನಿಯನ್ನು ಆರಿಸಿಕೊಂಡ ಗ್ರಾಹಕರಲ್ಲಿ ನನ್ನ ಅತ್ತೆಯಷ್ಟು ನಿಷ್ಠರಾದವರನ್ನು ನಾನು ಆವರೆಗೆ ಕಂಡಿರಲಿಲ್ಲ.

ಬರಿಗೈಯಲ್ಲಿ ಹಿಂತಿರುಗಿದೆ. ಬರಿಗೈ ಎನ್ನುವಂತಿಲ್ಲ, ಶೇಂಗಾ ಚಟ್ನಿಯ ಡಬ್ಬಿಯಿತ್ತು.

ಗುರುವಾರ ಬೆಳಿಗ್ಗೆ ಸಹೋದ್ಯೋಗಿ ಕುರ್ಚಿಯನ್ನು ನನ್ನತ್ತ ಉರುಳಿಸಿಕೊಂಡು ಬಂದು ಪಿಸುಗುಟ್ಟಿದ. “ಒಂದು ಐಡಿಯಾ. ನಾನು ಇದನ್ನ ಸೋಮವಾರ ಕ್ಲೋಸ್ ಮಾಡ್ತೀನಿ. ನಾಳೆಗೆ ಪೆಂಡಿಂಗ್ ಅಂತ ಇರುತ್ತೆ. ಪೆಂಡಿಂಗ್ ಫೈಲ್ ಯಾರ್ ಕೇಳ್ತಾರೆ?”

ಹೌದು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಅವನ ಪರದೆಯಲ್ಲಿ ಇನ್ನೊಂದು ಸಾಲು ಕಾಣಿಸುತ್ತಿತ್ತು. ಅತ್ತೆಯ ಮೇಲುಗಳು ಹೊರಡುತ್ತಿದ್ದ ವಿಳಾಸದಿಂದಲೇ ರಕ್ತ ಪರೀಕ್ಷೆಯ ಕೇಂದ್ರವೊಂದರ ವರದಿಗಳೂ ಹೋಗುತ್ತಿದ್ದವು. ಹಿಂದಿನ ದಿನದಿಂದ ಅವು ನಿಧಾನವಾಗಿದ್ದವು. ಕೆಲವು ಕಸದ ಫೋಲ್ಡರಿಗೆ ಬಿದ್ದಿದ್ದವು. ನನ್ನ ನಕ್ಷತ್ರದ ಕಾರಣ ಯಾರದೋ ಸಕ್ಕರೆಯ ಪ್ರಮಾಣ ಅವರಿಗೆ ತಲುಪುತ್ತಿರಲಿಲ್ಲ. ಗಣಪತಿಯ ಪಕ್ಕ ಹೂ ಮುಡಿದು ನಿಂತ ಆ ಎರಡು ಪುಟಗಳಲ್ಲಿ ನಿಜವಾಗಿ ಏನಾದರೂ ಇದ್ದರೆ ಅದು ಇಷ್ಟೇ.

“ಇವತ್ತೇ ಮುಚ್ಚಿ” ಎಂದೆ.

“ಪಕ್ಕಾ?”

“ಪಕ್ಕಾ. ಆದರೆ ಸ್ವಲ್ಪ ಇರಿ.”

ಮಾಲೀಕರಿಗೆ ಒಂದು ಟಿಪ್ಪಣಿ ಬರೆದೆ: ದೂರಿನ ಫೈಲುಗಳನ್ನು ಹೊರಗಿನವರಿಗೆ ತೋರಿಸುವಾಗ ಅದರಲ್ಲಿರುವ ವ್ಯಕ್ತಿಗಳ ಹೆಸರು, ಫೋಟೋ, ಫೋನ್ ಸಂಖ್ಯೆ, ವಿಳಾಸಗಳನ್ನು ಕಪ್ಪು ಪಟ್ಟಿಯಿಂದ ಮುಚ್ಚತಕ್ಕದ್ದು. ಕಾರಣ ಬರೆಯಲಿಲ್ಲ, ಅವರು ಕೇಳಲೂ ಇಲ್ಲ. ಓಡಿಬಂದು, “ವಾ! ಇದೂ ಒಂದ ಪಾಯಿಂಟ್ ಆತಲ್ರಿ! ಇದನ್ನೂ ಪ್ರೆಸೆಂಟೇಶನ್‌ದಾಗ ಹಾಕ್ರಿ” ಎಂದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಖಾತೆ ಮುಚ್ಚಿತು. ಸಹೋದ್ಯೋಗಿ ಫೈಲನ್ನು ನನಗೆ ತೋರಿಸಬಂದ. ಪಾಲಿಸಿಯ ಪ್ರಕಾರ ನಾನು ಮುಟ್ಟುವಂತಿರಲಿಲ್ಲ, ಆದ್ದರಿಂದ ನೋಡಲಿಲ್ಲ. “ನೀವು ಬರ್ದಿರೋ ಪ್ರಕಾರ ಮಾಡಿದೀನಿ, ಒಂದಕ್ಷರ ಆಚೆ ಈಚೆ ಇಲ್ಲ” ಎಂದ.

ಶುಕ್ರವಾರ ವಿಮಾ ಕಂಪನಿಯಿಂದ ಒಬ್ಬ ಮಹಿಳಾ ಅಧಿಕಾರಿ ಬಂದರು. ಕನ್ನಡಕದ ಮೇಲಿಂದ ನೋಡುವವರು, ಚಹಾ ಬೇಡವೆಂದವರು. ಕೋಣೆಯಲ್ಲಿ ನಮ್ಮ ಕಡೆ ಮಾಲೀಕರು, ಸೇಲ್ಸ್‌ನ ಕೆಲವರು, ನಾನು, ನನ್ನ ಸಹೋದ್ಯೋಗಿ. ಪರದೆ ಬೆಳಗಿತು. ನನ್ನ ಫೋಟೋ ಇದ್ದ ಜಾಗದಲ್ಲಿ ಚೌಕಾಕಾರದ ಕತ್ತಲೆ. ಹೆಸರಿನ ಮೇಲೆ ಕಪ್ಪು ಪಟ್ಟಿ. ನನ್ನ ಉಸಿರು ಸರಾಗವಾಯಿತು.

ಅಧಿಕಾರಿ ಕನ್ನಡ ಅಕ್ಷರಗಳನ್ನು ನೋಡಿ, ಇದರಲ್ಲಿ ಏನು ಬರೆದಿದೆ ಎಂದು ಮರಾಠಿಯಲ್ಲಿ ಕೇಳಿದರು. ಮಾಲೀಕರಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಬೇರೆ ಇರಲಿಲ್ಲ. ಬೆಳಗಾವಿಯ ಶಾಲೆಯಲ್ಲಿ ಕಲಿತ ಕನ್ನಡ ಅವರಿಗೆ ಹಡಪಸರದಲ್ಲಿ ಇಷ್ಟು ದೊಡ್ಡ ಸಭೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಎದ್ದು ನಿಂತು ಪರದೆಯ ಪಕ್ಕ ಹೋಗಿ ಒಂದೊಂದೇ ಸಾಲನ್ನು ಮರಾಠಿ ಮಾಡಿ ಹೇಳತೊಡಗಿದರು. ಹುಡುಗಿಯ ಎತ್ತರ ಹೇಳಿದರು. ಮೈಬಣ್ಣ ಹೇಳಿದರು. “ಮಿತಭಾಷಿ. ಮ್ಹಣಜೇ ಫಾರ ಬೋಲತ ನಾಹೀ” ಎಂದು ಮಾತು ಕಡಿಮೆಯೆಂಬುದನ್ನು ಬಿಡಿಸಿ ಹೇಳಿದರು. ಅಡುಗೆ ಕಲಿಯುವ ಮನಸ್ಸಿನ ಸಾಲಿಗೆ ಸೇಲ್ಸ್‌ನವರು ನಕ್ಕರು. ಆಮೇಲೆ ಉದ್ಯೋಗದ ಸಾಲು ಬಂತು.

“ಹಡಪಸರ ಯೇಥೀಲ ಈ-ಮೇಲ್ ಕಂಪನೀತ ಪಾಲಿಸಿ ಆಫೀಸರ್...” ಎಂದು ನನ್ನ ಹುದ್ದೆಯನ್ನೇ ಮರಾಠಿಯಲ್ಲಿ ಓದುತ್ತ ಹೋದವರು ಅಲ್ಲಿಯೇ ನಿಂತುಬಿಟ್ಟರು.

ನನ್ನ ಟಿಪ್ಪಣಿಯಲ್ಲಿ ಹೆಸರು, ಫೋಟೋ, ಫೋನು, ವಿಳಾಸ ಇದ್ದವು. ಉದ್ಯೋಗ ಇರಲಿಲ್ಲ. ಸಹೋದ್ಯೋಗಿ ಒಂದಕ್ಷರ ಆಚೆ ಈಚೆ ಮಾಡಿರಲಿಲ್ಲ. ಅವನು ಈಗ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಲೇಬಲ್ಲನ್ನು ತನ್ಮಯನಾಗಿ ಓದುತ್ತಿದ್ದ.

ಅಧಿಕಾರಿ ಮೇಜಿನ ಸುತ್ತ ಕಣ್ಣಾಡಿಸಿದರು. ನಮ್ಮ ಕಡೆ ಕೂತಿದ್ದ ಹೆಂಗಸು ನಾನೊಬ್ಬಳೇ.

“ನಿಮ್ಮದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಹೌದು.”

“ಕಳಿಸಿದವರು?”

“ನನ್ನ ಅತ್ತೆ.”

“ಖಾತೆ ಮುಚ್ಚಿದ್ದೀರಿ?”

“ನಿನ್ನೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಈಗ ಚಹಾ ಕುಡಿಯಬಹುದು ಎಂದರು. ಮುಂದಿನ ಸ್ಲೈಡುಗಳನ್ನು ಯಾರೂ ನೋಡಲಿಲ್ಲ. ಎರಡನೆಯ ಮಹಡಿ ನಮ್ಮದಾಯಿತು.

ಆಮೇಲೆ ನಾನು ಕಥೆಯಾದೆ. “ನಮ್ಮ ಹುಡಿಗಿ ತನ್ನ ಸ್ವಂತ ಅತ್ತೀ ಖಾತೆನs ಮುಚ್ಚಿಬಿಟ್ಳು, ಲಗ್ನದ ಮಾತ ಇದ್ರೂ!” ಎಂದು ಮಾಲೀಕರು ಬಂದವರಿಗೆಲ್ಲ ಹೇಳತೊಡಗಿದರು. ಕೇಳಿದವರು ರಿಸೆಪ್ಷನ್ನಿನ ಪಾಲಿಸಿಯನ್ನು ನೋಡಿ, ಆಮೇಲೆ ಗಾಜಿನ ಆಚೆ ನನ್ನನ್ನು ನೋಡಿ ತಲೆದೂಗುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಸೇಲ್ಸ್‌ನವರು ಇದನ್ನೇ ಬರೆದು ಎಲ್ಲ ಗ್ರಾಹಕರಿಗೂ ಮೇಲ್ ಮಾಡುವ ಯೋಜನೆ ಹಾಕಿದರು. ಸ್ಪ್ಯಾಮ್ ತಡೆದದ್ದರ ಬಗ್ಗೆ ರಾಶಿ ಮೇಲ್. ಮಾಲೀಕರು ಒಪ್ಪಿಗೆಗಾಗಿ ನನ್ನ ಬಳಿ ಬಂದರು. ಪಾಲಿಸಿಯ ಪ್ರಕಾರ ಬರಲೇಬೇಕಿತ್ತು.

“ಹೆಸರ ಹಾಕೂದಿಲ್ರಿ.”

“ಆ ಶುಕ್ರವಾರವೂ ಹೆಸರು ಹಾಕಿರಲಿಲ್ಲ ಸರ್.”

ಅವರು “ಛಲೋ ಕಥಿ ಇತ್ರಿ” ಎಂದು ಹೋದರು. ಮೇಲ್ ಹೋಗಲಿಲ್ಲ. ಬಾಯಿಮಾತಿನಲ್ಲಿ ಹೇಳುವುದನ್ನು ಅವರು ಇಂದಿಗೂ ನಿಲ್ಲಿಸಿಲ್ಲ. ಅದಕ್ಕೆ ಪಾಲಿಸಿ ಅನ್ವಯಿಸುವುದಿಲ್ಲ.

ಅತ್ತೆ ಮೂರು ವಾರ ನನ್ನ ಜೊತೆ ಮಾತು ಬಿಟ್ಟರು. ಖಾತೆ ಮುಚ್ಚಿದ್ದಕ್ಕಲ್ಲ. ಮುಚ್ಚಿದ ಸುದ್ದಿಯನ್ನು ಮನೆಗೆ ಬಂದು ಹೇಳದೆ ಇ-ಮೇಲಿನಲ್ಲಿ ಕಳಿಸಿದ್ದಕ್ಕೆ. ಕೊನೆಗೆ ಒಂದು ಭಾನುವಾರ ತಾವೇ ಕರೆದರು. ಹೋದಾಗ ನೆರೆಮನೆಯವರೊಬ್ಬರು ಸೋಫಾದ ಅಂಚಿನಲ್ಲಿ ಕೂತಿದ್ದರು. ಅವರ ತಂಗಿಯ ಮೈದುನನಿಗೆ ಹುಡುಗಿ ಬೇಕಾಗಿತ್ತು. ಅತ್ತೆಯ ಕೈಯಲ್ಲಿ ನನ್ನ ಬಯೋಡೇಟಾ ಇತ್ತು, ಈಗ ಕಾಗದದಲ್ಲಿ ಅಚ್ಚಾದದ್ದು. ‘ಸಿಟ್ಟು ಇಲ್ಲವೇ ಇಲ್ಲ’ ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿದ್ದರು.

ನೆರೆಯವರು ಕೈ ಚಾಚಿದರು. ಅತ್ತೆ ಕಾಗದವನ್ನು ಅರ್ಧ ದಾರಿ ಒಯ್ದು ನಿಲ್ಲಿಸಿದರು.

“ತಡೀರಿ. ಈಕಿ ಪರವಾನಗಿ ಕೇಳಬೇಕು. ಇಲ್ಲಂದ್ರ ನಾಳೆ ನಂದು ಇನ್ನೇನರೆ ಮುಚ್ಚತಾಳ.” ನನ್ನ ಕಡೆ ತಿರುಗಿದರು. “ಕೊಡ್ಲೇನs?”

“ಯಾರ ಪರವಾನಗಿ?” ನೆರೆಯವರು ಗಲಿಬಿಲಿಗೊಂಡರು. “ಹುಡಿಗೀದ? ಹಿಂಗೂ ಇರ್ತದೇನ್ರಿ?”

“ನಮ್ಮನ್ಯಾಗ ಇರ್ತದ್ರಿ ಈಗ” ಎಂದರು ಅತ್ತೆ. ವ್ಯಂಗ್ಯವಾಗಿಯೇ ಹೇಳಿದರು. ಆದರೂ ಕಾಗದ ನನ್ನ ಮತ್ತು ನೆರೆಯವರ ನಡುವೆ ಗಾಳಿಯಲ್ಲಿ ನಿಂತೇ ಇತ್ತು. ಅತ್ತೆ ನಿಜವಾಗಿಯೂ ಕಾಯುತ್ತಿದ್ದರು.

“ಬೇಡ ಅತ್ತೆ” ಎಂದೆ.

ಅತ್ತೆ ಕಾಗದವನ್ನು ಮಡಚಿ ಟಿ.ವಿ.ಯ ಕೆಳಗಿಟ್ಟು ಚಹಾ ಮಾಡಲು ಒಳಗೆ ಹೋದರು. ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇತ್ತು. ನೆರೆಯವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಫೋಟೋ ಸಿಗದಿದ್ದರೂ ಹುಡುಗಿಯೇ ಎದುರಿಗಿದ್ದಳಲ್ಲ.

“ಛಲೋ ಅದಾಳ” ಎಂದು ಒಳಗಿದ್ದ ಅತ್ತೆಗೆ ಕೂಗಿ ಹೇಳಿದರು. “ಮಾತ ಅಷ್ಟ ಕಮ್ಮಿ.”